ಕಿವಿಯ ವಯಸ್ಸು, ಕಣ್ಣಿನ ವಯಸ್ಸು

ಮಕ್ಕಳಿಗಾಗಿ ಪುಸ್ತಕ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಹೇಳುವುದು ಮಗುವಿನ ವಯಸ್ಸನ್ನು. ಎಂಟು ವರ್ಷದ ಹುಡುಗಿಗೆ ಒಂದು ಒಳ್ಳೆಯ ಪುಸ್ತಕ ಕೊಡಿ ಎನ್ನುತ್ತಾರೆ. ಲಂಗ ಕೊಳ್ಳಲು, ಚಪ್ಪಲಿ ಕೊಳ್ಳಲು ಅಷ್ಟು ಹೇಳಿದರೆ ಒಂದು ಅಂದಾಜು ಸಿಗುತ್ತದೆ. ಪುಸ್ತಕಕ್ಕೆ ಸಿಗುವುದಿಲ್ಲ. ಎಂಟು ವರ್ಷದ ಒಂದು ಮಗು ಬರುತ್ತಿರುವ ಬಸ್ಸಿನ ಬೋರ್ಡನ್ನು ಬಸ್ಸು ನಿಲ್ಲುವ ಮೊದಲೇ ಓದಿ ಮುಗಿಸುತ್ತದೆ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಅದೇ ಬೋರ್ಡಿನ ಮೊದಲ ಒತ್ತಕ್ಷರದಲ್ಲೇ ನಿಂತಿರುತ್ತದೆ. ಆದರೆ ರಾತ್ರಿ ಅಜ್ಜಿ ಕಥೆ ಹೇಳಲು ಕೂತರೆ ಇಬ್ಬರೂ ಒಂದೇ ಕಡೆ ನಗುತ್ತಾರೆ, ಒಂದೇ ಕಡೆ ಹೆದರುತ್ತಾರೆ. ಮಗುವಿಗೆ ವಯಸ್ಸು ಒಂದಲ್ಲ, ಎರಡು ಎಂದು ನಾನು ಹೇಳುವುದು ಇದಕ್ಕೇ. ಒಂದು ಕಿವಿಯ ವಯಸ್ಸು, ಇನ್ನೊಂದು ಕಣ್ಣಿನ ವಯಸ್ಸು. ಕೇಳಿ ಸವಿಯುವ ಶಕ್ತಿ ಮುಂದೆ ಮುಂದೆ ಓಡುತ್ತದೆ. ಓದಿ ಸವಿಯುವ ಶಕ್ತಿ ಹಿಂದಿನಿಂದ ನಿಧಾನವಾಗಿ ಬರುತ್ತದೆ. ನಾವು ಪ್ರೀತಿಯಿಂದ ತಂದ ಪುಸ್ತಕ ತೆರೆಯದೆ ಉಳಿದುಬಿಟ್ಟರೆ ಮಗು ಸೋಮಾರಿ ಎಂದುಕೊಳ್ಳಬೇಕಾಗಿಲ್ಲ, ಪುಸ್ತಕ ಕೆಟ್ಟದ್ದೆಂದೂ ಅಲ್ಲ. ಕಿವಿಗೆ ಒಪ್ಪುವ ಪುಸ್ತಕವನ್ನು ಕಣ್ಣಿಗೆ ಕೊಟ್ಟಿರುತ್ತೇವೆ. ಇಲ್ಲವೇ ಕಣ್ಣಿಗೆ ಸುಲಭವಾಗಲಿ ಎಂದು, ಮನಸ್ಸಿಗೆ ಏನೂ ಇಲ್ಲದ ಪುಸ್ತಕ ತಂದಿರುತ್ತೇವೆ.

ಕನ್ನಡದಲ್ಲಿ ಈ ಎರಡು ವಯಸ್ಸುಗಳ ನಡುವಿನ ದೂರ ದೊಡ್ಡದು. ಕಾರಣ ನಮ್ಮ ಲಿಪಿಯಲ್ಲೇ ಇದೆ. ನಮ್ಮ ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಸರ್ಕಾರಿ ಶಾಲೆಯೊಂದರ ಒಂದನೆಯ ತರಗತಿಯನ್ನು ನೆನೆದುಕೊಳ್ಳಿ. ಅಲ್ಲಿಯ ನಲಿಕಲಿ ಪದ್ಧತಿಯಲ್ಲಿ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರುವಾಗುತ್ತದೆ. ಅಷ್ಟು ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದಿಬಿಡುತ್ತದೆ, ಓದಿ ಹಿಗ್ಗುತ್ತದೆ. ಬಹಳ ಜಾಣ ಏರ್ಪಾಡು ಅದು. ಆದರೆ ಅದೇ ಮಗುವಿನ ಮುಂದೆ ‘ಅಮ್ಮ’ ಎಂದು ಬರೆದಿಟ್ಟರೆ ಓದಲು ಬಾರದು. ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಮುದ್ದೆ, ಬೆಲ್ಲ, ಹಕ್ಕಿ ಇವೆಲ್ಲ ಮಗು ಮೊದಮೊದಲು ಆಡಿದ ಮಾತುಗಳು, ಇವೆಲ್ಲದರಲ್ಲೂ ಒತ್ತಕ್ಷರ ಇದೆ. ನಾಲಿಗೆ ಮೊದಲು ಕಲಿತದ್ದು ಕಣ್ಣಿಗೆ ಕೊನೆಗೆ ಒಲಿಯುತ್ತದೆ. ವರ್ಣಮಾಲೆಯ 49 ಅಕ್ಷರ ಬಂದರೆ ಮುಗಿಯಲಿಲ್ಲ; 34 ವ್ಯಂಜನಗಳಿಗೆ ತಲಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವ ಎಲ್ಲ ಸೇರಿ ಕಾಗುಣಿತದ ರೂಪಗಳೇ 400 ದಾಟುತ್ತವೆ. ಅದರ ಮೇಲೆ ಒತ್ತು. ‘ಅಕ್ಕ’ದಲ್ಲಿ ಮೇಲಿನ ಅಕ್ಷರವೇ ಕೆಳಗೂ ಇದೆ, ಮಗು ಹೇಗೋ ಗುರುತು ಹಿಡಿಯುತ್ತದೆ. ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರದಲ್ಲಿ ಮೂರು ವ್ಯಂಜನಗಳು ಒಂದರ ಬುಡದಲ್ಲಿ ಒಂದು ಕೂತಿವೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಅವನ್ನು ಹೊಸದಾಗಿಯೇ ಕಲಿಯಬೇಕು.

ಇದು ಬರೀ ಅಂದಾಜಿನ ಮಾತಲ್ಲ. ಕನ್ನಡ ಮಕ್ಕಳು ಓದಲು ಕಲಿಯುವ ವೇಗವನ್ನು ಬೆಂಗಳೂರಿನ ಮನೋವಿಜ್ಞಾನಿ ಸೊನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಅಕ್ಷರಗಳನ್ನೆಲ್ಲ ಕೈವಶ ಮಾಡಿಕೊಳ್ಳುವ ಕೆಲಸ ಒಂದೆರಡು ವರ್ಷಗಳಲ್ಲಿ ಮುಗಿಯದೆ, ನಾಲ್ಕನೆಯ ತರಗತಿಯವರೆಗೂ ಎಳೆಯುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಎಂದರೆ ಒಂಬತ್ತು, ಹತ್ತು ವರ್ಷದವರೆಗೆ ನಮ್ಮ ಮಗುವಿನ ಕಣ್ಣು ಇನ್ನೂ ದಾರಿಯಲ್ಲಿರುತ್ತದೆ. ಅಷ್ಟರಲ್ಲಿ ಕಿವಿ ಯಾವ ಮಟ್ಟಕ್ಕೆ ಹೋಗಿರುತ್ತದೆ ಯೋಚಿಸಿ. ಒಂದನೆಯ ತರಗತಿಯ ಮಗು ಟಿ.ವಿ. ಧಾರಾವಾಹಿಯ ಅತ್ತೆ ಸೊಸೆಯರ ಜಗಳವನ್ನು ಕಾರಣಸಮೇತ ವಿವರಿಸುತ್ತದೆ, ರಾತ್ರಿಯ ಪೌರಾಣಿಕ ನಾಟಕ ನೋಡಿ ಬಂದು ಭೀಮನ ಪಾತ್ರ ಮಾಡುತ್ತದೆ. ಅಂಥ ಮಗುವಿನ ಕೈಗೆ ‘ಇದು ಮರ, ಇದು ಸರ’ ಎಂಬ ಪುಸ್ತಕವನ್ನಷ್ಟೇ ಕೊಟ್ಟು, ಓದು ಎಂದರೆ ಇಷ್ಟೇ ಎಂಬ ಭಾವನೆ ಹುಟ್ಟಿಸಿದರೆ, ಓದು ಬೇಡವೆಂದು ಅದು ತೀರ್ಮಾನಿಸುವುದರಲ್ಲಿ ತಪ್ಪೇನಿದೆ? ನಮ್ಮ ಮಗ ಏನು ಕೊಟ್ಟರೂ ಗಟ್ಟಿಯಾಗಿ ಓದುತ್ತಾನೆ, ಪೇಪರನ್ನೂ ಓದುತ್ತಾನೆ ಎಂದು ಕೆಲವು ತಂದೆತಾಯಿಗಳು ಹೇಳುತ್ತಾರೆ. ಸಂತೋಷ. ಕನ್ನಡ ಬರೆದಂತೆ ಓದುವ ಭಾಷೆ. ಅಕ್ಷರ ಬಂದರೆ ಅರ್ಥವಾಗದ ಸಂಪಾದಕೀಯವನ್ನೂ ಉಚ್ಚರಿಸಿಬಿಡಬಹುದು. ಉಚ್ಚರಿಸುವುದು ಬೇರೆ, ಓದುವುದು ಬೇರೆ. ನಗುವ ಜಾಗದಲ್ಲಿ ಮಗು ನಕ್ಕಿತೇ ಎಂಬುದನ್ನು ನೋಡಿ. ನಗದೆ ಮುಂದಿನ ಸಾಲಿಗೆ ಹೋಗಿದ್ದರೆ ಅದರ ಕಣ್ಣು ಇನ್ನೂ ಅಕ್ಷರ ಹೊರುವ ಕೆಲಸದಲ್ಲಿದೆ ಎಂದು ತಿಳಿಯಬೇಕು.

ಆದ್ದರಿಂದ ಆರರಿಂದ ಒಂಬತ್ತು ವರ್ಷದ ಮಗುವಿಗೆ ಪುಸ್ತಕ ಆರಿಸುವವರು ಒಂದಲ್ಲ, ಎರಡು ಪುಸ್ತಕ ಆರಿಸಬೇಕು. ಒಂದು ನಾವು ಓದಿ ಹೇಳುವುದಕ್ಕೆ, ಇನ್ನೊಂದು ಅದು ತಾನೇ ಓದುವುದಕ್ಕೆ. ತಾನೇ ಓದುವ ಪುಸ್ತಕಕ್ಕೆ ಒಂದು ಸುಲಭ ಪರೀಕ್ಷೆ ಇದೆ. ನಡುವಿನ ಯಾವುದಾದರೂ ಪುಟ ತೆರೆದು ಮಗುವಿಗೆ ಓದಲು ಹೇಳಿ. ತಡವರಿಸಿದ ಪ್ರತಿ ಪದಕ್ಕೂ ಒಂದು ಬೆರಳು ಮಡಿಸುತ್ತ ಹೋಗಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿಸಿದರೆ ಅದು ಸದ್ಯಕ್ಕೆ ಕಣ್ಣಿನ ಪುಸ್ತಕವಲ್ಲ. ತಂದರೆ ನೀವು ಓದಿ ಹೇಳಿ. ಬೆರಳನ್ನು ಮಗುವಿಗೆ ಕಾಣದಂತೆ ಮಡಿಸಬೇಕು, ಇಲ್ಲದಿದ್ದರೆ ಪುಸ್ತಕದಂಗಡಿಯೂ ಪರೀಕ್ಷೆಯ ಕೊಠಡಿಯಾಗುತ್ತದೆ. ಈ ಅಳತೆಯನ್ನು ಪ್ರಕಾಶಕರೇ ಮಾಡಿಕೊಟ್ಟರೆ ಇನ್ನೂ ಅನುಕೂಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳಿಗೆ ವಯಸ್ಸಿನ ಬದಲು ಒಂದರಿಂದ ನಾಲ್ಕರವರೆಗೆ ಓದಿನ ಹಂತ ಗುರುತಿಸಿತು. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ವಾಕ್ಯ, ಮತ್ತೆ ಮತ್ತೆ ಬರುವ ಪದಗಳು, ಪುಟ ತುಂಬ ಚಿತ್ರ. ನಾಲ್ಕನೆಯ ಹಂತಕ್ಕೆ ಬಂದಾಗ 1,500 ಪದ ಮೀರಿದ ಕಥೆ. 2015ರಿಂದ ಅದರ ಸ್ಟೋರಿವೀವರ್ ತಾಣದಲ್ಲಿ ಈ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತಿವೆ. ವಯಸ್ಸು ಬರೆಯದೆ ಹಂತ ಬರೆದದ್ದು ಸಣ್ಣ ವಿಷಯವೆನಿಸಬಹುದು. ನನ್ನ ದೃಷ್ಟಿಯಲ್ಲಿ ಅದು ಮಗುವಿಗೆ ತೋರಿದ ಗೌರವ. ಹತ್ತು ವರ್ಷದ ಮಗು ಎರಡನೆಯ ಹಂತದ ಪುಸ್ತಕ ಹಿಡಿದರೆ ಅದರಲ್ಲಿ ನಾಚಿಕೆಪಡುವ ಮಾತಿಲ್ಲ. ಆರು ವರ್ಷದ ಮಗು ನಾಲ್ಕನೆಯದನ್ನು ಕೇಳಿದರೆ ಬೇಡ ಎನ್ನುವ ಮಾತೂ ಇಲ್ಲ.

ಇದಕ್ಕಿಂತ ಚಿಕ್ಕವರ ವಿಷಯದಲ್ಲಿ ಹೇಳುವುದು ಕಡಿಮೆ. ಮೂರು ನಾಲ್ಕು ವರ್ಷದ ಕೂಸಿಗೆ ಕಣ್ಣಿನ ಪುಸ್ತಕವೆಂದರೆ ಚಿತ್ರ, ಕಿವಿಯ ಪುಸ್ತಕವೆಂದರೆ ಪ್ರಾಸ. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಶಿಶುಪದ್ಯಗಳು ಇಷ್ಟು ತಲೆಮಾರು ಬಾಳಿದ್ದು ಅವು ಬಾಯಲ್ಲಿ ಕುಣಿಯುತ್ತವೆ ಎಂಬ ಒಂದೇ ಕಾರಣಕ್ಕೆ. ಹೊಸ ಪದ್ಯದ ಪುಸ್ತಕ ಕೊಳ್ಳುವಾಗಲೂ ಅದೇ ಅಳತೆ ಸಾಕು: ಎರಡು ಸಲ ಗಟ್ಟಿಯಾಗಿ ಓದಿದರೆ ಮೂರನೆಯ ಸಲಕ್ಕೆ ತಾನಾಗಿ ಬಾಯಿಗೆ ಬರಬೇಕು.

ಕಿವಿಗಾಗಿ ಆರಿಸುವ ಪುಸ್ತಕದಲ್ಲಿ ಇನ್ನೊಂದನ್ನು ಗಮನಿಸಬೇಕು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮಗು ಮನೆಯಲ್ಲಿ ‘ತಾತ ಹೊಲದ್ ತಾವ ಹೋಗವ್ನೆ’ ಎನ್ನುತ್ತದೆ. ಪುಸ್ತಕ ‘ತಾತ ಹೊಲದ ಬಳಿಗೆ ಹೋಗಿದ್ದಾನೆ’ ಎನ್ನುತ್ತದೆ. ನಾಲ್ಕು ಪದದಲ್ಲಿ ತಾತ ಒಬ್ಬನೇ ಇದ್ದ ಹಾಗೆ ಇದ್ದಾನೆ, ಉಳಿದದ್ದೆಲ್ಲ ವೇಷ ಬದಲಿಸಿದೆ. ಅಕ್ಷರ ಕಲಿಯುವ ಮಗು ಲಿಪಿಯ ಜೊತೆಗೆ ಈ ಪುಸ್ತಕದ ಮಾತನ್ನೂ ಕಲಿಯುತ್ತಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಆ ಮಾತು ಮಗುವಿಗೆ ಮೊದಲು ಕಿವಿಯಿಂದ ಪರಿಚಯವಾದರೆ ಮುಂದೆ ಕಣ್ಣಿಗೆ ಅಪರಿಚಿತವಾಗುವುದಿಲ್ಲ. ಓದಿ ಹೇಳುವುದರ ದೊಡ್ಡ ಲಾಭ ಇದೇ. ಬರೆಯುವವರು ಮಗುವಿನ ಆಡುಮಾತಿನ ಸೊಗಡನ್ನು ಪುಸ್ತಕಕ್ಕೆ ತಂದರೆ ಆ ದಾರಿ ಇನ್ನೂ ಹತ್ತಿರವಾಗುತ್ತದೆ. ನಮ್ಮದೇ ಜಿಲ್ಲೆಯ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಪುಸ್ತಕಕ್ಕೆ 2024ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಾಗ ಅದನ್ನು ಓದಿ ಹೇಳಲು ಈ ಕಡೆಯ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಾಗಿರಲಿಲ್ಲ. ಪ್ರಶಸ್ತಿಯ ಸುದ್ದಿ ಪೇಪರಿನಲ್ಲಿ ಬಂದು ಹೋಗುತ್ತದೆ. ಪುಸ್ತಕ ತರಗತಿಗೆ ಬಂದು ಮೇಷ್ಟ್ರ ದನಿಯಲ್ಲಿ ಮಕ್ಕಳ ಕಿವಿಗೆ ಬಿದ್ದರಷ್ಟೇ ಅದು ನಮ್ಮ ಜಿಲ್ಲೆಯ ಪುಸ್ತಕವಾಗುತ್ತದೆ.

ಈಗ ಎದುರು ಮಾತುಗಳಿಗೆ ಬರುತ್ತೇನೆ. ಸಂತೋಷ, ನಗು, ಸೊಗಸು ಎಲ್ಲ ಸರಿ, ನೀತಿ ಬೇಡವೇ ಎಂದು ಹಿರಿಯರು ಕೇಳುತ್ತಾರೆ. ಕಥೆಯ ಕೊನೆಯಲ್ಲಿ ನೀತಿ ಅಚ್ಚಾಗಿರುವ ಪುಸ್ತಕವನ್ನೇ ಹುಡುಕಿ ಕೊಳ್ಳುವವರು ಬಹಳ. ಅವರ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ನೀತಿಗೆ ಹೆಸರಾದ ಪಂಚತಂತ್ರವನ್ನೇ ನೋಡಿ. 1031ರ ಸುಮಾರಿಗೇ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಓದು ಹತ್ತದ ರಾಜಕುಮಾರರಿಗೆ ಶಾಸ್ತ್ರ ಕಲಿಸಿ ಸೋತ ಮೇಲೆ ಕಥೆ ಹಿಡಿದದ್ದು ಅಲ್ಲಿಯ ಚೌಕಟ್ಟು. ಉಪದೇಶ ಸೋತಲ್ಲಿ ಕಥೆ ಗೆದ್ದಿತು ಎಂದು ಆ ಗ್ರಂಥವೇ ಸಾಕ್ಷಿ ಹೇಳುತ್ತಿರುವಾಗ, ಕಥೆಯನ್ನು ನಾಲ್ಕು ಸಾಲಿಗೆ ಇಳಿಸಿ ನೀತಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಯಾವ ನ್ಯಾಯ? ಕೊನೆಗೆ ನೀತಿ ಬರುತ್ತದೆ ಎಂದು ಗೊತ್ತಾದ ಮಗು ಕಥೆಯನ್ನು ನಂಬುವುದನ್ನು ನಿಲ್ಲಿಸುತ್ತದೆ. ಆಮೇಲೆ ನೀತಿಯೂ ನಿಲ್ಲುವುದಿಲ್ಲ. ನನ್ನ ಸಲಹೆ ಇಷ್ಟೇ: ಕೊನೆಯ ಆ ಒಂದು ಸಾಲನ್ನು ಬೆರಳಿಂದ ಮುಚ್ಚಿ ಕಥೆ ಓದಿ. ಆಗಲೂ ಇನ್ನೊಮ್ಮೆ ಓದಬೇಕೆನಿಸಿದರೆ ಪುಸ್ತಕ ತನ್ನಿ.

ಆಯ್ಕೆಯನ್ನು ಮಗುವಿಗೇ ಬಿಟ್ಟರೆ ಅದು ಭೂತದ ಕಥೆ, ಕಾಮಿಕ್ಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂಬುದು ಇನ್ನೊಂದು ಅಳುಕು. ಮುಟ್ಟಲಿ. ಚಿತ್ರದ ಜೊತೆಗೆ ಚಿಕ್ಕ ಚಿಕ್ಕ ಮಾತುಗಳಿರುವ ಪುಟ ಒತ್ತಕ್ಷರದಲ್ಲಿ ಎಡವುವ ಕಣ್ಣಿಗೆ ಊರುಗೋಲಿದ್ದಂತೆ. ಚಂದಮಾಮ 1949ರಲ್ಲಿ ಕನ್ನಡಕ್ಕೆ ಬಂದ ಮೇಲೆ ಎರಡು ಮೂರು ತಲೆಮಾರು ಅದರ ಬೇತಾಳನ ಬೆನ್ನು ಹತ್ತಿ ಓದು ಕಲಿತಿತು, ಅವರಲ್ಲಿ ಅನೇಕರು ಮುಂದೆ ಕಾರಂತ, ಕುವೆಂಪು, ಭೈರಪ್ಪ ಎಲ್ಲರನ್ನೂ ಓದಿದರು. ಓದುವ ಪ್ರಮಾಣ ಹೆಚ್ಚದೆ ಓದಿನ ವೇಗ ಹೆಚ್ಚುವುದಿಲ್ಲ, ವೇಗವಿಲ್ಲದೆ ರುಚಿ ಹತ್ತುವುದಿಲ್ಲ. ಪ್ರಮಾಣ ಹೆಚ್ಚಬೇಕಾದರೆ ಮಗುವಿಗೆ ಬೇಕಾದದ್ದೇ ಸಿಗಬೇಕು. ಗುಜರಾತಿನ ಗಿಜುಭಾಯಿ ಬಧೇಕಾ 1932ರಲ್ಲಿ ‘ದಿವಾಸ್ವಪ್ನ’ ಎಂಬ ಪುಸ್ತಕ ಬರೆದರು. ಅದರ ಕಥಾನಾಯಕ ಒಬ್ಬ ಮೇಷ್ಟ್ರು. ಗಲಾಟೆ ತರಗತಿಯನ್ನು ಕಥೆ ಹೇಳುವುದರಿಂದಲೇ ಹಿಡಿತಕ್ಕೆ ತರುತ್ತಾನೆ. ಆಮೇಲೆ ಪಠ್ಯಪುಸ್ತಕಕ್ಕೆಂದು ಮಕ್ಕಳು ತರುವ ಹಣ ಸೇರಿಸಿ ತರಗತಿಗೊಂದು ಕಥೆಪುಸ್ತಕದ ಭಂಡಾರ ಮಾಡುತ್ತಾನೆ, ಯಾರು ಏನು ಬೇಕಾದರೂ ಎತ್ತಿಕೊಳ್ಳಬಹುದು. ಅದರಲ್ಲಿ ಮುಖ್ಯವಾದದ್ದು ಕ್ರಮ: ಮೊದಲು ಕಿವಿ ತುಂಬಿಸಿದ, ಆಮೇಲೆ ಕೈಗೆ ಪುಸ್ತಕ ಬಿಟ್ಟ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನದೇ ಪುಸ್ತಕ ಸಿಗಬೇಕೆಂಬುದು. ಓದುಗ ಎನ್ನುವಾಗ ಏಳು ವರ್ಷದವನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ರಾನ್ಸಿನ ಲೇಖಕ ದಾನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರ ಹಕ್ಕುಗಳ ಪಟ್ಟಿ ಮಾಡಿದರು. ಪುಟ ಹಾರಿಸುವ ಹಕ್ಕು, ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ಅದರಲ್ಲಿವೆ. ದೊಡ್ಡವರು ದಿನವೂ ಚಲಾಯಿಸುವ ಹಕ್ಕುಗಳಿವು. ಮಕ್ಕಳು ಹಾಗೆ ಮಾಡಿದರೆ ದುಡ್ಡು ದಂಡವಾಯಿತು ಎಂದು ಗದರುತ್ತೇವೆ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಎತ್ತಿಟ್ಟಿರಿ, ಆರು ತಿಂಗಳಿಗೆ ಕಣ್ಣು ಬೆಳೆದಿರುತ್ತದೆ. ಹಿರಿಯರ ಕೆಲಸ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಹತ್ತು ಪುಸ್ತಕ ಮುಂದಿಡುವುದು, ಅವು ಸುಂದರವಾಗಿ, ತಪ್ಪಿಲ್ಲದೆ ಅಚ್ಚಾಗಿವೆಯೇ, ಅಕ್ಷರ ದಪ್ಪವಾಗಿದೆಯೇ, ಅನುವಾದವಾದರೆ ಕನ್ನಡ ಕನ್ನಡದಂತೆ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಹತ್ತರಲ್ಲಿ ಯಾವುದು ಎಂಬುದು ಮಗುವಿನದು.

ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳ ವಿಷಯ ಸ್ವಲ್ಪ ಬೇರೆ, ಹೆಚ್ಚು ಎಚ್ಚರಿಕೆಯದು. ಬೆಳಿಗ್ಗೆ ಹಳ್ಳಿಗಳಿಂದ ತುಮಕೂರಿನ ಕಡೆಗೆ ಹೋಗುವ ಶಾಲಾ ವ್ಯಾನುಗಳಲ್ಲಿ ಕೂತ ಮಕ್ಕಳು ಒಳಗೆ ಮಾತಾಡುವುದೆಲ್ಲ ಕನ್ನಡವೇ. ಅವರ ಕಿವಿ ಪೂರ್ತಿ ಕನ್ನಡದ ಕಿವಿ. ಕನ್ನಡ ಓದುವ ಕಣ್ಣು ಮಾತ್ರ ವಾರಕ್ಕೆ ಕೆಲವು ಪೀರಿಯಡ್‌ಗಳ ಕಣ್ಣು. ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂಬ ಕಾನೂನು 2015ರಲ್ಲೇ ಆಗಿದೆ. ಆದರೆ ಕಾನೂನಿನಿಂದ ಅಕ್ಷರ ಬರಬಹುದು, ಓದಿನ ರುಚಿ ಬರುವುದು ಪುಸ್ತಕದಿಂದ. ಇಂಥ ಹನ್ನೆರಡು ವರ್ಷದ ಹುಡುಗನ ಕನ್ನಡದ ಕಣ್ಣಿಗೆ ಏಳು ವರ್ಷವಾಗಿರಬಹುದು. ಅವನಿಗೆ ಏಳು ವರ್ಷದವರ ಮೊಲದ ಕಥೆ ಕೊಟ್ಟರೆ ಅವಮಾನವಾಗುತ್ತದೆ, ಹನ್ನೆರಡು ವರ್ಷದವರ ಕಾದಂಬರಿ ಕೊಟ್ಟರೆ ಹತ್ತನೆಯ ಸಾಲಿಗೆ ಉಸಿರು ಕಟ್ಟುತ್ತದೆ. ಅವನಿಗೆ ಬೇಕಾದದ್ದು ವಿಷಯ ದೊಡ್ಡದಾಗಿ ಪಠ್ಯ ಚಿಕ್ಕದಾಗಿರುವ ಪುಸ್ತಕ: ಚಿತ್ರಕಥೆಯಾಗಿ ಬಂದ ಜೀವನಚರಿತ್ರೆ, ಹಕ್ಕಿ, ಹಾವು, ರಾಕೆಟ್ಟುಗಳ ಬಗ್ಗೆ ಚಿತ್ರದ ಕೆಳಗೆ ನಾಲ್ಕು ಸಾಲು ಇರುವಂಥದು, ಒಗಟು, ನಗೆಹನಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದಂಥ ಪತ್ರಿಕೆಯನ್ನು ಹೀಗೆ ಅಲ್ಲೊಂದು ಇಲ್ಲೊಂದು ಪುಟವಾಗಿ ಓದಬಹುದು. ಕಾಡುಪಾಪ ನಮ್ಮ ತಾಲ್ಲೂಕಿನ ನಾಗವಲ್ಲಿಯ ಸುತ್ತ ಇದೆ. ಅಂಗೈಯಲ್ಲಿ ಹಿಡಿಸುವಷ್ಟು ಮೈ, ರಾತ್ರಿ ಮರದಲ್ಲಿ ಹೊಳೆಯುವ ಎರಡು ದೊಡ್ಡ ಕಣ್ಣು. ಅದರ ಬಗ್ಗೆ ಚಿತ್ರ ತುಂಬಿದ ಇಪ್ಪತ್ತು ಪುಟದ ಪುಸ್ತಕ ತುಮಕೂರಿನ ಎಲ್ಲ ಶಾಲೆಗಳಲ್ಲೂ ಇರಬೇಕೆಂಬುದು ನನ್ನ ಆಸೆ. ತನ್ನ ಊರಿನ ಪ್ರಾಣಿಯ ಬಗ್ಗೆ ತನ್ನ ಭಾಷೆಯಲ್ಲಿ ಓದಲು ಹನ್ನೆರಡರ ಹುಡುಗ ಒಂದೆರಡು ಒತ್ತಕ್ಷರದ ಕಷ್ಟ ತಡೆದುಕೊಳ್ಳುತ್ತಾನೆ.

ಹತ್ತು ವರ್ಷ ದಾಟಿ ಕಣ್ಣು ಚುರುಕಾದ ಮಕ್ಕಳಿಗೆ ಕೊಡಲು ಪುಸ್ತಕವೇ ಇಲ್ಲ ಎಂಬ ಮಾತನ್ನು ಈಗ ಹಿಂದೆ ತೆಗೆದುಕೊಳ್ಳಬೇಕಾಗಿದೆ. ಬಾಲಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾದ ವರ್ಷ ಕನ್ನಡಕ್ಕೆ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ. ಅಲ್ಲಿಂದೀಚೆಗೆ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಎಂಬ ಮಕ್ಕಳ ಕಾದಂಬರಿಗಳು 2021, 2022, 2023ರಲ್ಲಿ ಸಾಲಾಗಿ ಅದೇ ಪುರಸ್ಕಾರ ಪಡೆದವು, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕಥಾಸಂಕಲನ ಪಡೆಯಿತು. ಮಕ್ಕಳ ಸಾಹಿತ್ಯವೆಂದರೆ ಪದ್ಯ ಮತ್ತು ಪುಟ್ಟ ಕಥೆ ಎಂದಿದ್ದ ನಮ್ಮಲ್ಲಿ ಕಾದಂಬರಿ ಹೀಗೆ ಮುಂದೆ ಬಂದದ್ದು ದೊಡ್ಡ ಬದಲಾವಣೆ. ಹತ್ತರ ಮಗುವಿಗೆ ಬೇಕಾಗಿರುವುದು ವಾರಗಟ್ಟಲೆ ಜೊತೆಗಿರುವ ಒಂದು ಲೋಕ. ಐದು ನಿಮಿಷಕ್ಕೆ ಮುಗಿಯುವ ಕಥೆ ಅಷ್ಟನ್ನು ಕೊಡಲಾರದು. ಹದಿಮೂರಕ್ಕೆ ಬಂದವರಿಗೆ ಮಕ್ಕಳ ಪುಸ್ತಕ ಎಂಬ ಹೆಸರೇ ಹಿಡಿಸುವುದಿಲ್ಲ, ಹಿಡಿಸಬೇಕೆಂದೂ ಇಲ್ಲ. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ, ‘ಕರ್ವಾಲೊ’ ಕೊಡಿ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದಲ್ಲಿ ನಮ್ಮ ದೇವರಾಯನದುರ್ಗದ ಹುಲಿಯ ಒಂದು ಕಥೆ ಇದೆ. ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ರಜೆಯಲ್ಲಿ ಅದೇ ದುರ್ಗದ ಬೆಟ್ಟದ ಬುಡದ ನಾಮದ ಚಿಲುಮೆಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬರುವ ಮಕ್ಕಳಿಗೆ, ಆ ಬೆಟ್ಟದ ಬಂಡೆಗಳ ನಡುವೆ ಹುಲಿ ನಡೆದಾಡುತ್ತಿತ್ತು ಎಂದರೆ ಪುಸ್ತಕ ಓದು ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಪುಸ್ತಕಕ್ಕೆ ದುಡ್ಡೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ರಾಗಿ, ಶೇಂಗಾ ಬೆಳೆದು ಮಳೆಗಾಗಿ ಮುಗಿಲು ನೋಡುವ ಮನೆಗಳಿಗೆ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಮನೆಗಳಿಗೆ ತಿಂಗಳಿಗೆರಡು ಪುಸ್ತಕ ಕೊಳ್ಳಿ ಎನ್ನುವುದು ಸುಲಭದ ಮಾತಲ್ಲ. ಆದರೆ ಈ ಹೊರೆ ತಂದೆತಾಯಿಗಳದ್ದು ಮಾತ್ರವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆಪುಸ್ತಕಗಳೂ ಇರಬೇಕು ಎಂದು ಬಾಯಿಬಿಟ್ಟು ಬರೆದಿದೆ. 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಯಿತು. ಆ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸದಸ್ಯರಾದದ್ದಷ್ಟೇ ಸಾಲದು, ಕಪಾಟಿನ ಬಾಗಿಲು ತೆಗೆದಿರಬೇಕು, ಪುಸ್ತಕ ಮನೆಗೆ ಹೋಗಬೇಕು, ಹರಿದರೆ ಅಂಟಿಸಿಕೊಳ್ಳಬೇಕು. ಬೀಗದೊಳಗೆ ಹೊಸದಾಗಿಯೇ ಉಳಿದ ಪುಸ್ತಕಕ್ಕಿಂತ ಅಂಚು ಜೀರ್ಣವಾದ ಪುಸ್ತಕವೇ ಗ್ರಂಥಾಲಯಕ್ಕೆ ಭೂಷಣ. ಪಂಚಾಯಿತಿಯಲ್ಲಿ ಈ ಸಲ ಏನು ಪುಸ್ತಕ ಕೊಳ್ಳಬೇಕೆಂಬ ಮಾತು ಬಂದಾಗ ಮಕ್ಕಳನ್ನೇ ನಾಲ್ವರನ್ನು ಕರೆದು ಕೇಳಲಿ, ಹಂತ ನೋಡಿ ಎಲ್ಲ ಮಟ್ಟದವನ್ನೂ ತರಿಸಲಿ. ಇನ್ನು ಆಗಸ್ಟ್ 15, ಜನವರಿ 26ರಂದು ಶಾಲೆಗಳಲ್ಲಿ ಕೊಡುವ ಬಹುಮಾನ ಸ್ಟೀಲ್ ತಟ್ಟೆ, ಲೋಟದ ಬದಲು ಪುಸ್ತಕವಾಗಲಿ. ಓಟದಲ್ಲಿ ಮೊದಲು ಬಂದ ಹುಡುಗಿ ಮೇಜಿನ ಮೇಲೆ ಹರಡಿದ ಪುಸ್ತಕಗಳಲ್ಲಿ ತನಗೆ ಬೇಕಾದದ್ದನ್ನು ತಾನೇ ಎತ್ತಿಕೊಳ್ಳಲಿ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಹೋಗುವವರು ಬತ್ತಾಸು, ಬಲೂನು ಕೊಡಿಸಿದ ಮೇಲೆ ಪುಸ್ತಕದ ಮಳಿಗೆಯ ಮುಂದೆ ಒಂದು ಹತ್ತು ನಿಮಿಷ ನಿಲ್ಲಲಿ.

ಕೊನೆಯದು, ಓದಿ ಹೇಳುವವರು ಯಾರು ಎಂಬ ಪ್ರಶ್ನೆ. ಅಪ್ಪನಿಗೆ ರಾತ್ರಿ ಪಾಳಿ, ಅಮ್ಮ ದಣಿದು ಬಂದಿರುತ್ತಾಳೆ, ಅಜ್ಜಿಗೆ ಅಕ್ಷರ ಬಾರದು, ಮಗುವಿನ ಕೈಯಲ್ಲಿ ಮೊಬೈಲ್. ಮೊಬೈಲೂ ಕಥೆ ಹೇಳುತ್ತದೆ, ನಿಜ. ಆದರೆ ಅದು ಮಗುವಿನ ಮುಖ ನೋಡಿ ನಿಲ್ಲುವುದಿಲ್ಲ, ಹೆದರಿದ ಕಡೆ ಬೆನ್ನು ಸವರುವುದಿಲ್ಲ, ‘ಬಾವಲಿ ಅಂದರೆ ನಮ್ಮ ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತದಲ್ಲ, ಅದೇ’ ಎಂದು ಊರಿಗೆ ತಂದು ಸೇರಿಸುವುದಿಲ್ಲ. ಮನೆಯಲ್ಲಿ ಏಳನೆಯ ತರಗತಿಯ ಅಕ್ಕ ಇದ್ದರೆ ಅವಳೇ ಸಾಕು. ಎರಡನೆಯ ತರಗತಿಯ ತಮ್ಮನ ಕಿವಿಗೆ ಅವಳ ಕಣ್ಣು ದುಡಿಯಲಿ, ಇಬ್ಬರಿಗೂ ಲಾಭ. ಅಕ್ಷರ ಬಾರದ ಅಜ್ಜಿಯೂ ಸುಮ್ಮನೆ ಕೂರಬೇಕಾಗಿಲ್ಲ, ಆಕೆಯ ಮುಂದೆ ಮಗು ತಡವರಿಸುತ್ತ ಓದಲಿ; ಆಕೆ ತಪ್ಪು ಹಿಡಿಯುವುದಿಲ್ಲ, ಆಮೇಲೇನಾಯ್ತು ಮಗ ಎಂದಷ್ಟೇ ಕೇಳುತ್ತಾಳೆ, ಕಲಿಯುವ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಅಮ್ಮನೋ ಅಪ್ಪನೋ ಓದಿ ಹೇಳುವುದಾದರೆ ದಿನಕ್ಕೆ ಹತ್ತು ನಿಮಿಷ ಸಾಕು, ಅಧ್ಯಾಯ ಮುಗಿಸಲೇಬೇಕೆಂದಿಲ್ಲ. ಹುಡುಗ ಗುಹೆಯೊಳಗೆ ಕಾಲಿಟ್ಟ, ಒಳಗೇನೋ ಅಲುಗಾಡಿತು ಎನ್ನುವ ಕಡೆ ನಿದ್ದೆ ಬಂತು ಎಂದು ನಿಲ್ಲಿಸಿಬಿಡಿ. ಪುಸ್ತಕವನ್ನು ಮುಚ್ಚಿ ಕಪಾಟಿನ ಮೇಲಿಡಬೇಡಿ. ಆ ಪುಟಕ್ಕೆ ಒಂದು ಗುರುತು ಹಾಕಿ, ಮಗುವಿನ ದಿಂಬಿನ ಪಕ್ಕ ಬಿಟ್ಟು, ದೀಪ ಆರಿಸದೆ ಎದ್ದು ಹೋಗಿ.